ಹೋಗದೆ ಕೂತ ನಲವತ್ತೇಳು ಮಾತು

ಜನವರಿ 14, ಮಂಗಳವಾರ

ಮನೆಯಲ್ಲಿ ಕೂತು ಕೆಲಸ ಮಾಡಲು ಶುರುಮಾಡಿ ಇದು ಎರಡನೇ ವಾರ. ಮೂರನೇ ಮಹಡಿಯನ್ನು ಬಿಸಿ ಮಾಡುವ ಖರ್ಚು ಉಳಿಯಲಿ ಎಂದು ನಮ್ಮ ಹನ್ನೆರಡನೇ ಕೋಣೆಗೆ ಬೀಗ ಹಾಕಿ, ಆರೂ ಜನರ ಕೈಗೆ ಒಂದೊಂದು ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಗಾಬ್ರೊವೊದವರು ಬೆಕ್ಕಿನ ಬಾಲ ಕತ್ತರಿಸುತ್ತಾರೆ, ಬೆಕ್ಕು ಒಳಗೆ ಬಂದಾಗ ಬಾಗಿಲು ಬೇಗ ಮುಚ್ಚಿ ಬಿಸಿ ಉಳಿಯಲಿ ಅಂತ. ಹೀಗೆಂದು ಬಲ್ಗೇರಿಯಾದ ಬೇರೆ ಊರಿನವರೆಲ್ಲ ನಮ್ಮನ್ನು ಆಡಿಕೊಳ್ಳುತ್ತಾರೆ. ಈ ಸಲ ಬಾಲದ ಜಾಗದಲ್ಲಿ ನಾವೇ ಇದ್ದೆವು.

ಕೆಲಸವೇನೋ ಅದೇ. ಮೂವತ್ತೊಂದು ವರ್ಷದಿಂದ ಮಾಡುತ್ತಿರುವುದು: ಲಿಫ್ಟ್ ಬಾಗಿಲುಗಳ ಜೊತೆ ಕೊಡುವ ಕೈಪಿಡಿ ಬರೆಯುವುದು. ಅದು ಮೇಲ್‌ನಲ್ಲಿ ಬರುತ್ತದೆ, ಮೇಲ್‌ನಲ್ಲಿ ಹೋಗುತ್ತದೆ. ಹರಟೆಗೆ ಚಾಟ್ ಇದೆ. ಅದರಲ್ಲಿ ‘ಹನ್ನೆರಡನೇ ಕೋಣೆ’ ಎಂದೇ ಒಂದು ಗುಂಪು ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಎಂಟಕ್ಕೆ ನಾನು ಶುಭೋದಯ ಅನ್ನಬೇಕು, ಗೆನಾದಿ ಏನಾದರೂ ಕಿಡಿಗೇಡಿ ಮಾತು ಬರೆಯಬೇಕು, ನಮ್ಮ ವಿಭಾಗದ ಮುಖ್ಯಸ್ಥೆ ಇಸ್ಕ್ರಾ ಬಂದು ‘ಕೆಲಸ ನೋಡ್ರಪ್ಪಾ’ ಅನ್ನಬೇಕು. ಕೋಣೆಯಲ್ಲೂ ಹೀಗೇ ನಡೆಯುತ್ತಿತ್ತು. ಗೆನಾದಿ ತಿಂದು ಉಗಿಯುವ ಸೂರ್ಯಕಾಂತಿ ಬೀಜದ ಸಿಪ್ಪೆಯೊಂದು ಚಾಟ್‌ನಲ್ಲಿಲ್ಲ, ಅಷ್ಟೇ.

ಇವತ್ತು ಚಾಟ್ ತನ್ನನ್ನು ಹೊಸದು ಮಾಡಿಕೊಳ್ಳಲೇ ಎಂದು ಕೇಳಿತು. ಮಾಡಿಕೋ ಎಂದೆ. ಆಮೇಲೆ ಮಧ್ಯಾಹ್ನವೆಲ್ಲ ಯಾರದೂ ಸದ್ದಿಲ್ಲ. ಚಳಿಗೆ ಎಲ್ಲರ ಬೆರಳೂ ಮರಗಟ್ಟಿರಬೇಕು.

ಜನವರಿ 15, ಬುಧವಾರ

ಫೋನನ್ನು ಅಗ್ಗದ ಕಂಪನಿಗೆ ಬದಲಾಯಿಸಿದೆ. ಹಳೆಯ ನಂಬರನ್ನೇ ಉಳಿಸಿಕೊಳ್ಳಬೇಕಾದರೆ ಒಂದು ಅರ್ಜಿ, ಎರಡು ಸಲ ಓಡಾಟ. ಬೇಡ, ಹೊಸದೇ ಕೊಡಿ ಎಂದೆ. ಹೊಸ ನಂಬರನ್ನು ಚಾಟ್‌ನಲ್ಲಿ ಎಲ್ಲರಿಗೂ ಹಾಕಿದ್ದೇನೆ. ‘ಬರೆದುಕೊಂಡೆ’ ಎಂದು ಒಬ್ಬರೂ ಹೇಳಲಿಲ್ಲ. ನನ್ನ ಮಾತಿನ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತೊಂದು ಕಾಣುತ್ತದೆ. ಅವರು ಇನ್ನೂ ನೋಡಿಲ್ಲ ಎಂದಿರಬೇಕು.

ಜನವರಿ 17, ಶುಕ್ರವಾರ

ಶುಭೋದಯ ಎಂದೆ. ಉತ್ತರವಿಲ್ಲ. ಮಧ್ಯಾಹ್ನ, ಉಪ್ಪಿನಲ್ಲಿ ಹಾಕಿದ ಎಲೆಕೋಸಿನ ಪೀಪಾಯಿ ಬಾಲ್ಕನಿಯಲ್ಲಿ ಹೆಪ್ಪುಗಟ್ಟಿದ್ದನ್ನೂ, ನಾನು ಅದನ್ನು ಸುತ್ತಿಗೆಯಿಂದ ಒಡೆದು ಊಟ ಮಾಡಿದ್ದನ್ನೂ ಬರೆದೆ. ಒಳ್ಳೆಯ ತಮಾಷೆ ಅದು. ಕೋಣೆಯಲ್ಲಿ ಹೇಳಿದ್ದರೆ ಗೆನಾದಿ ಮೇಜು ಕುಟ್ಟಿ ನಗುತ್ತಿದ್ದ.

ನಗಲಿಲ್ಲ.

ಜನವರಿ 22, ಬುಧವಾರ

ಇವರೆಲ್ಲ ಮಾತು ಬಿಟ್ಟಿರುವುದು ಯಾಕೆಂದು ಈಗ ಹೊಳೆಯಿತು. ಡಿಸೆಂಬರ್‌ನಲ್ಲಿ, ಕೋಣೆ ಮುಚ್ಚುವ ಕಾಗದಕ್ಕೆ ಇಸ್ಕ್ರಾ ಸಹಿ ಹಾಕಿ ಬಂದ ದಿನ, ಎಲ್ಲರೆದುರಿಗೆ ನಾನು ಅವಳಿಗೆ ಹೇಳಿದ್ದೆ: ಬೀಗದ ಕೈ ನೀನೇ ಕೊಟ್ಟು ಬಂದೆಯಲ್ಲ, ನಮ್ಮ ಪರವಾಗಿ ಒಂದು ಮಾತು ಆಡಬಹುದಿತ್ತು. ಅವಳು ತನ್ನ ಕುಂಡದ ಗಿಡಕ್ಕೆ ನೀರು ಹಾಕಿದಳು. ಗಿಡಕ್ಕೆ ಬೆಳಿಗ್ಗೆಯೇ ನೀರು ಹಾಕಿಯಾಗಿತ್ತು.

ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ಉಳಿದವರು ಅವಳ ಕಡೆ. ಇರಲಿ. ಫೋನ್ ಮಾಡುವುದಾದರೆ ಅವಳೇ ಮಾಡಲಿ, ನಂಬರ್ ಕೊಟ್ಟಿದ್ದೇನಲ್ಲ. ನಾನೇ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ.

ಸಂಜೆ ಕೆಳಮನೆಯ ಅಜ್ಜಿ ಬಂದಿದ್ದರು. ಬೀದಿ ಬಾಗಿಲಿನ ಕರೆಗಂಟೆ ಶರತ್ಕಾಲದಿಂದ ಸತ್ತು ಬಿದ್ದಿದೆ, ಎಲ್ಲರೂ ಸೇರಿ ರಿಪೇರಿ ಮಾಡಿಸೋಣ ಎಂದರು. ಗಂಟೆ ಬೇಕಾದವರು ಕೊಡಲಿ, ನನ್ನ ಮನೆಗೆ ಯಾರು ಬರುತ್ತಾರೆ ಎಂದು ಹೇಳಿ ಕಳಿಸಿದೆ.

ಜನವರಿ 28, ಮಂಗಳವಾರ

ಇಸ್ಕ್ರಾಳ ಮೇಲ್ ಬಂತು. ಹದಿನಾಲ್ಕನೇ ಪುಟದ ಚಿತ್ರ ತಿದ್ದಬೇಕಂತೆ. ನಿರ್ದೇಶಕರಿಗೂ ಪ್ರತಿ ಹೋಗುವುದರಿಂದ ಅವಳ ಮೇಲ್‌ಗಳು ಗಂಜಿ ಹಾಕಿದ ಅಂಗಿಯ ಹಾಗೆ ಇರುತ್ತವೆ. ಕೊನೆಗೆ ಒಂದು ಸಾಲು: ‘ಉಳಿದದ್ದು ಚಾಟ್‌ನಲ್ಲಿ.’

ಚಾಟ್ ತೆರೆದು ಕಾದೆ. ಉಳಿದದ್ದು ಎಂಬುದು ಏನೂ ಬರಲಿಲ್ಲ. ಸಂಜೆ ಐದರವರೆಗೆ ಕಾದು, ಚಿತ್ರ ತಿದ್ದಿ ಕಳಿಸಿದೆ. ‘ಸ್ವೀಕರಿಸಿ’ ಎಂದಷ್ಟೇ ಬರೆದೆ. ಗಂಜಿ ನಮ್ಮ ಮನೆಯಲ್ಲೂ ಇದೆ.

ಫೆಬ್ರವರಿ 3, ಸೋಮವಾರ

ಇನ್ನೊಂದು ವಾರಕ್ಕೆ ಸಂತ ಹರಲಾಂಪಿಯ ದಿನ. ನನ್ನ ಹೆಸರೂ ಅದೇ, ಕೋಣೆಯವರ ಬಾಯಲ್ಲಿ ಲಾಂಬಿ. ಆ ಹೆಸರಿಟ್ಟುಕೊಂಡವರು ಊರಿನಲ್ಲಿ ಬಹಳ ಇಲ್ಲ. ಹಾಗಾಗಿ ನನ್ನದು ಯಾರೂ ಮರೆಯುವಂಥ ಹೆಸರಿನ ಹಬ್ಬವಲ್ಲ. ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಮೇಜು ಹಾಕಿಡಬೇಕು, ನೆನಪಿದ್ದವರು ಬರುತ್ತಾರೆ. ಕರೆದರೆ ಮರ್ಯಾದೆ ಹೋಯಿತು. ಇಪ್ಪತ್ತೆರಡು ವರ್ಷ ಹನ್ನೆರಡನೇ ಕೋಣೆಯವರು ತಪ್ಪದೆ ಬಂದಿದ್ದಾರೆ. ಮದುವೆಯಾಗದವನ ಮನೆಯಲ್ಲಿ ವರ್ಷಕ್ಕೆ ಒಂದು ದಿನವಾದರೂ ತಟ್ಟೆಗಳ ಸದ್ದು ಕೇಳಲಿ ಅಂತ ಇಸ್ಕ್ರಾ ಹೇಳುತ್ತಿದ್ದಳು.

ಕೋಪ ಏನೇ ಇರಲಿ, ಅವತ್ತು ಬಂದೇ ಬರುತ್ತಾರೆ. ಬಂದರೆ ಎಲ್ಲ ಮುಗಿಯಿತು, ನಾನೂ ಮಾತು ಎತ್ತುವುದಿಲ್ಲ.

ಫೆಬ್ರವರಿ 9, ಭಾನುವಾರ

ಎಲೆಕೋಸಿನ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ಅರವತ್ತು ಸುರುಳಿ ಮಾಡಿದೆ. ಬೆಳಿಗ್ಗೆ ಚರ್ಚಿನಲ್ಲಿ ಜೇನಿನ ಶೀಶೆಗೆ ಮಂತ್ರ ಹಾಕಿಸಿಕೊಂಡು ಬಂದೆ. ಹರಲಾಂಪಿ ಜೇನು ಸಾಕುವವರ ಸಂತ, ನಾಳೆಯವರೆಗೆ ಕಾದರೆ ಅವರ ಸಾಲು ಬೀದಿಯವರೆಗೆ ಬರುತ್ತದೆ. ಅಟ್ಟದಿಂದ ಕುರ್ಚಿಗಳನ್ನು ಇಳಿಸಿದೆ. ಆರು. ಒಂದರ ಕಾಲು ಅಲ್ಲಾಡುತ್ತದೆ, ಅದು ಗೆನಾದಿಗೆ.

ಜೇನು ಹಚ್ಚುವ ರೊಟ್ಟಿಗೆ ಹಿಟ್ಟು ಕಲಸಿಟ್ಟಿದ್ದೇನೆ. ಹಾಡು ಹೇಳುತ್ತಾ ಕಲಸಿದೆನಂತೆ, ಮೆಟ್ಟಿಲಲ್ಲಿ ಸಿಕ್ಕಿದ ಅಜ್ಜಿ ಹೇಳಿದರು.

ಫೆಬ್ರವರಿ 10, ಸೋಮವಾರ

ಬರಲಿಲ್ಲ.

ಅಡಿಗೆಮನೆಯಲ್ಲಿ ಒಲೆ ಇರುವುದರಿಂದ ಮೇಜು ಅಲ್ಲೇ ಹಾಕಿದ್ದೆ. ಅದು ಹಿತ್ತಲ ಕಡೆಗಿದೆ. ಬೀದಿ ಕಡೆಯ ಕೋಣೆಯ ದೀಪ ಆರಿಸಿದ್ದೆ, ಜನರಿಲ್ಲದ ಕೋಣೆಗೆ ಬೆಳಕೇಕೆ ಎಂದು. ಐದೂವರೆಗೆ ಕೂತವನು ಎಂಟಕ್ಕೆ ಎದ್ದೆ. ಮಧ್ಯೆ ಎರಡು ಸಲ ಚಾಟ್ ನೋಡಿದೆ. ಶುಭಾಶಯವೂ ಇಲ್ಲ.

ಒಂದು ಸುರುಳಿ ತಿಂದೆ. ಉಪ್ಪು ಸರಿಯಾಗಿತ್ತು.

ಫೆಬ್ರವರಿ 11, ಮಂಗಳವಾರ

ಹಿಮ ಎತ್ತಿ ಹಾಕುವ ಸರದಿ ಇವತ್ತು ನನ್ನದು. ಬೀದಿ ಬಾಗಿಲೆದುರು ಯಾರೋ ನಾಲ್ಕೈದು ಜನ ನಿಂತು ಕುಣಿದ ಹಾಗೆ ಹಿಮ ತುಳಿದು ಗಟ್ಟಿ ಮಾಡಿಟ್ಟಿದ್ದಾರೆ. ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಬೇರೆ. ಊರಿನ ಅರ್ಧ ಜನ ತಿನ್ನುವುದು ಅದನ್ನೇ, ಯಾರನ್ನು ಬೈಯುವುದು. ಕೆರೆದು ತೆಗೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು.

ಆ ಸಿಟ್ಟೂ ಸೇರಿತೋ ಏನೋ, ಮೇಲೆ ಬಂದವನೇ ಚಾಟ್‌ನಲ್ಲಿ, ಎಲ್ಲರೂ ಓದುವ ಹಾಗೆ ಗುಂಪಿನಲ್ಲೇ, ಬರೆದುಬಿಟ್ಟೆ. ಗೆನಾದಿಗೆ, ಒಂಬತ್ತು ವರ್ಷ ನಿನ್ನ ತಪ್ಪು ಚಿತ್ರಗಳನ್ನು ಬಾಯಿಬಿಡದೆ ತಿದ್ದಿದವನು ನಾನು ಎಂದು. ಅದೇ ಸಂದೇಶದಲ್ಲಿ ಆಮೇಲೆ ಇಸ್ಕ್ರಾಗೆ. ಅದನ್ನು ಇಲ್ಲಿ ಹಾಗೇ ಬರೆದಿಡುತ್ತೇನೆ: ‘ನಿನ್ನ ಗಂಡ ನಿನ್ನನ್ನು ಯಾಕೆ ಬಿಟ್ಟುಹೋದ ಎಂದು ಹನ್ನೊಂದು ವರ್ಷ ಆಶ್ಚರ್ಯಪಟ್ಟಿದ್ದೆ. ಈಗ ಆಶ್ಚರ್ಯವಿಲ್ಲ.’

ಬರೆದು ಒಂದು ಗಂಟೆ ಹಾಯಾಗಿತ್ತು.

ಫೆಬ್ರವರಿ 13, ಗುರುವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸುವುದು ಹೇಗೆಂದು ಚಾಟ್‌ನಲ್ಲಿ ಎಲ್ಲೆಲ್ಲೋ ಒತ್ತಿ ನೋಡಿದೆ, ಆಗಲಿಲ್ಲ. ಅವಳ ಗಂಡ ಬಿಟ್ಟುಹೋದ ವರ್ಷ, ಅವಳು ಮಧ್ಯಾಹ್ನದ ಊಟಕ್ಕೆ ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟಿದ್ದಳು. ಜನ ನೋಡುತ್ತಾರೆ ಎಂದು. ಆಗ ನಾನು ಎರಡು ಬಟ್ಟಲು ಸೂಪು ಮೇಲಕ್ಕೆ ಹೊತ್ತುಕೊಂಡು ಹೋಗುತ್ತಿದ್ದೆ. ಸುಮಾರು ಒಂದು ವರ್ಷ. ಅವಳು ಅಳುವುದನ್ನು ನಾನೊಬ್ಬನೇ ನೋಡಿರುವುದು. ನೋಡಿದ್ದನ್ನೇ ಕಲ್ಲು ಮಾಡಿ ಎಸೆದೆ.

ಈಗ ಅವಳು ಮಾತಾಡದಿರುವುದಕ್ಕೆ ತಕ್ಕ ಕಾರಣವಿದೆ. ಮೊದಲು ಇರಲಿಲ್ಲ, ನಾನೇ ಒದಗಿಸಿಕೊಟ್ಟೆ.

ಫೆಬ್ರವರಿ 17, ಸೋಮವಾರ

ಗಡ್ಡ ಬಂದಿದೆ. ಯಾರಿಗಾಗಿ ತೆಗೆಯುವುದು.

ಫೆಬ್ರವರಿ 20, ಗುರುವಾರ

ಸುರುಳಿ ತಿಂದು ಮುಗಿಯಲಿಲ್ಲ. ಕೆಟ್ಟವು.

ಫೆಬ್ರವರಿ 25, ಮಂಗಳವಾರ

ರಾಜೀನಾಮೆ ಬರೆದೆ. ಮೂರು ಸಾಲು. ನಾಳೆ ಲ್ಯಾಪ್‌ಟಾಪನ್ನೂ ಕಾಗದವನ್ನೂ ಕೊಟ್ಟು ಬರುತ್ತೇನೆ. ಮೂವತ್ತೊಂದು ವರ್ಷ ಕೆಲಸ ಮಾಡಿದ ಜಾಗ. ಇಸ್ಕ್ರಾ ಎದುರಿಗೆ ಸಿಗದಿದ್ದರೆ ಸಾಕು.

ಫೆಬ್ರವರಿ 26, ಬುಧವಾರ

ಯಾವ ಕಡೆಯಿಂದ ಬರೆಯಲಿ.

ಕಚೇರಿಯ ಕೆಳಮಹಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಪ್ಲಾಮೆನ್ ಸಿಕ್ಕಿದ. ಮಂಡಿನೋವಿನ ಮನುಷ್ಯ, ಕುರ್ಚಿ ಬಿಟ್ಟು ಏಳುವವನಲ್ಲ. ನನ್ನನ್ನು ನೋಡಿ ಎದ್ದ. ನಿಮ್ಮ ಯಂತ್ರ ಒಂದೂವರೆ ತಿಂಗಳಿಂದ ಚಾಟ್‌ನಲ್ಲಿ ನಮಗೆ ಕಾಣುತ್ತಲೇ ಇಲ್ಲ, ಕೊಡಿ ಇಲ್ಲಿ ಎಂದು ಕಸಿದುಕೊಂಡು ತೆರೆದ. ಚಾಟ್ ನೋಡಿದವನು ಮತ್ತೆ ಕುರ್ಚಿಗೆ ಕೂತ. ಆಮೇಲೆ ಹೇಳಿದ:

“ಲಾಂಬಿಯಣ್ಣ, ನೀವು ಬರೆದಿದ್ದು ಒಂದೂ ಹೋಗಿಲ್ಲ.”

ನನಗೆ ಅರ್ಥವಾಗಲಿಲ್ಲ.

“ಈ ಗಡಿಯಾರ ಇದೆಯಲ್ಲ, ಇನ್ನೂ ಹೋಗ್ತಾ ಇದೆ ಅಂತ ಅರ್ಥ. ಜನವರಿ ಹದಿನಾಲ್ಕರಿಂದ ಹೋಗ್ತಾನೇ ಇದೆ. ನಲವತ್ತೇಳು ಕೂತವೆ ಇಲ್ಲಿ. ಬೇರೆಯವರದ್ದೂ ಒಳಗೆ ಬಂದಿಲ್ಲ. ಒಂದು ಸಲ ತಳ್ಳಿ ನೋಡ್ಲಾ? ಕೆಲವು ಸಲ ಎಲ್ಲಾ ಒಟ್ಟಿಗೆ ಹೊರಟುಬಿಡ್ತವೆ.”

ಅವನ ಬೆರಳು ಒತ್ತುವುದರಲ್ಲಿತ್ತು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಟ್ಟೆ. ಬೆರಳು ಸಿಕ್ಕಿಕೊಂಡಿತು, ಪಾಪ. ಬೇರೆ ದಾರಿ ಹೇಳಪ್ಪ ಎಂದೆ.

ಬೆರಳಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಾ ಹೇಳಿದ. ಚಾಟ್ ತನ್ನ ಅನುಕೂಲಕ್ಕೆಂದು ಹಳೆಯದನ್ನೆಲ್ಲ ಒಂದು ಫೋಲ್ಡರಿನಲ್ಲಿ ಕೂಡಿಟ್ಟುಕೊಂಡಿರುತ್ತದಂತೆ, ಅದಕ್ಕೆ ಕ್ಯಾಶೆ ಅನ್ನುತ್ತಾರಂತೆ. ಹೊಸದು ಮಾಡಿಕೊಂಡ ದಿನ ಅದು ಕೆಟ್ಟು ಕೂತಿದೆ. ಖಾಲಿ ಮಾಡಿದರೆ ಸರಿಹೋಗುತ್ತದೆ. ಬೇರೆಯವರು ಬರೆದದ್ದು ಸರ್ವರಿನಲ್ಲಿ ಭದ್ರವಾಗಿದೆ, ಅದು ಬರುತ್ತದೆ. ನನ್ನ ನಲವತ್ತೇಳು ಮಾತ್ರ ಎಲ್ಲೂ ಉಳಿಯುವುದಿಲ್ಲ.

“ಒಂದನ್ನ ಮಾತ್ರ ಅಳಿಸೋಕಾಗಲ್ವಾ?”

“ಆಗಲ್ಲ. ಖಾಲಿ ಮಾಡಿದ್ರೆ ಎಲ್ಲಾನೂ ಹೋಗುತ್ತೆ. ಏನಣ್ಣ, ಅಷ್ಟು ಮುಖ್ಯವಾದ್ದು ಏನಿತ್ತು?”

ಮನೆಯಲ್ಲಿ ನಾನೇ ಮಾಡಿಕೊಳ್ಳುತ್ತೇನೆ, ಬರೆದುಕೊಡು ಎಂದೆ. ಕೈಗೆ ಸಿಕ್ಕಿದ್ದು ನನ್ನ ರಾಜೀನಾಮೆಯ ಲಕೋಟೆ. ಅದರ ಬೆನ್ನ ಮೇಲೆ ಐದು ಸಾಲು ಬರೆದುಕೊಟ್ಟ. ಮೊದಲು ನೆಟ್ ತಂತಿ ಕಿತ್ತುಬಿಡಿ, ಆಗ ಯಾವುದೂ ತಪ್ಪಿಸಿಕೊಂಡು ಹೋಗಲ್ಲ ಎಂದು ತಾನಾಗಿಯೇ ಸೇರಿಸಿದ. ಇನ್ನೇನೂ ಕೇಳಲಿಲ್ಲ. ಲಕೋಟೆಯ ಒಳಗೇನಿದೆ ಎಂದೂ ಕೇಳಲಿಲ್ಲ. ಅದನ್ನು ಕೊಡಬೇಕಾದಲ್ಲಿ ಕೊಡದೆ ಹಾಗೇ ಮನೆಗೆ ತಂದೆ.

ಫೆಬ್ರವರಿ 27, ಗುರುವಾರ

ಬೆಳಿಗ್ಗೆ ತಂತಿ ಕಿತ್ತೆ. ನಲವತ್ತೇಳನ್ನೂ ಒಂದು ಸಲ ಓದಿದೆ. ಇಪ್ಪತ್ತೊಂದು ಶುಭೋದಯ. ಎಲೆಕೋಸಿನ ಪೀಪಾಯಿ. ಫೋನ್ ನಂಬರ್. ಗೆನಾದಿಯ ಮಗಳಿಗೆ ಹಲ್ಲು ಬಂತಾ ಎಂದು ಕೇಳಿದ್ದು. ಇಸ್ಕ್ರಾಗೆ, ಕೋಣೆಯ ಗಿಡವನ್ನು ನೀನು ಒಯ್ದೆಯಾ ಅಥವಾ ಅಲ್ಲೇ ಚಳಿಯಲ್ಲಿ ಬಿಟ್ಟರಾ ಎಂದು ಮೂರು ಸಲ ಕೇಳಿದ್ದು. ಇವನ್ನೆಲ್ಲ ಬರೆದ ಮನುಷ್ಯ ಅಷ್ಟೇನೂ ಕೆಟ್ಟವನಲ್ಲ. ಕೊನೆಯದಕ್ಕೆ ಬಂದಾಗ ಕಣ್ಣು ಬೇರೆ ಕಡೆ ತಿರುಗಿಸಿದೆ.

ಒಂದಕ್ಕಾಗಿ ನಲವತ್ತಾರನ್ನು ಕಳೆದುಕೊಳ್ಳುವುದು ಸಂಕಟವೇ. ಆದರೆ ಆ ಒಂದು ಅವಳ ಕಣ್ಣಿಗೆ ಬಿದ್ದರೆ ಉಳಿದ ನಲವತ್ತಾರೂ ಸುಳ್ಳಾಗುತ್ತವೆ.

ಲಕೋಟೆ ನೋಡಿಕೊಂಡು ಮಾಡಿದೆ. ಚಾಟ್ ಪೂರ್ತಿ ಮುಚ್ಚಿ. ಫೋಲ್ಡರ್ ತೆರೆಯಿರಿ. ಒಳಗಿರುವುದನ್ನೆಲ್ಲ ಆರಿಸಿ. ಅಳಿಸಿ. ಮತ್ತೆ ತೆರೆಯಿರಿ. ನಾನು ಬರೆದ ಪ್ರತಿ ಕೈಪಿಡಿಯಲ್ಲೂ ಮೊದಲ ಪುಟದಲ್ಲೇ ಒಂದು ಮಾತಿದೆ: ಬಾಗಿಲು ಮುಚ್ಚದಿದ್ದರೆ ಮೋಟಾರನ್ನು ದೂರಬೇಡಿ, ಮೊದಲು ಹೊಸ್ತಿಲಿನ ಸಂದಿಯ ಕಸ ತೆಗೆಯಿರಿ. ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ್ದೇನೆ.

ತಂತಿ ಸಿಕ್ಕಿಸಿದೆ. ಸ್ವಲ್ಪ ಹೊತ್ತು ಬಿಳಿ ಪರದೆ. ಆಮೇಲೆ ಶುರುವಾಯಿತು, ಚೀಲದ ಬಾಯಿ ಬಿಚ್ಚಿದ ಹಾಗೆ.

ಜನವರಿ ಹದಿನಾರು, ಗೆನಾದಿ: ‘ಲಾಂಬಿಯಣ್ಣ, ಬದುಕಿದ್ದೀರಾ? ಚಾಟ್‌ಗೂ ಜಿಪುಣತನಾನಾ?’ ಇಪ್ಪತ್ತು, ಇಸ್ಕ್ರಾ, ನನಗೊಬ್ಬನಿಗೇ: ‘ನಿನ್ನ ಫೋನ್ ಸತ್ತಿದೆ. ಡಿಸೆಂಬರ್‌ನಲ್ಲಿ ನೀನು ಅಂದಿದ್ದಕ್ಕೆ ನಂಗೆ ಕೋಪ ಇಲ್ಲ ಕಣೋ. ಸರಿಯಾಗೇ ಅಂದೆ.’ ಇಪ್ಪತ್ತೆಂಟು, ಅವಳೇ: ‘ಮೇಲ್‌ನಲ್ಲಿ ಹೇಳೋಕಾಗಲ್ಲ. ಸಾಹೇಬ್ರ ಹತ್ರ ಹೋಗಿದ್ದೆ. ಬೇಸಿಗೆ ಬಂದ್ಮೇಲೆ ಕೋಣೆ ವಾಪಸ್ ಕೊಡ್ತಾರಂತೆ. ಮೊದ್ಲು ನಿಂಗೇ ಹೇಳ್ತಿದೀನಿ.’

ಫೆಬ್ರವರಿ ಹತ್ತಕ್ಕೆ ಬಂದಾಗ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಸಂಜೆ ಐದು ಐವತ್ತು, ಇಸ್ಕ್ರಾ: ‘ಕೆಳಗಿದೀವಿ. ಐದೂ ಜನ. ನಿಮ್ಮ ಗಂಟೆ ಕೆಲಸ ಮಾಡ್ತಿಲ್ಲ, ಇಳಿದು ಬಂದು ಬಾಗಿಲು ತೆಗಿ.’ ಆರು ಐದು, ಗೆನಾದಿ: ‘ಅಣ್ಣ, ದೀಪ ಆರಿಸಿಕೊಂಡು ಕೂತ್ರೆ ನಾವು ಹೋಗ್ತೀವಿ ಅಂದ್ಕೊಂಡ್ರಾ? ಬೀಜ ಇನ್ನೂ ಅರ್ಧ ಪೊಟ್ಟಣ ಇದೆ.’ ಆರು ಹದಿನೈದು, ಇಸ್ಕ್ರಾ: ‘ಲಾಂಬಿ, ಕಾಲು ಮರಗಟ್ತಿದೆ. ನಿಜವಾಗ್ಲೂ ಬೇಡ್ವಾ ನಾವು?’ ಆರು ಮೂವತ್ತು: ‘ಹೊರಟ್ವಿ.’

ನಾನು ಆಗ ಹಿತ್ತಲ ಕಡೆ ಮುಖ ಮಾಡಿ ಆರು ಕುರ್ಚಿಗಳ ಮಧ್ಯೆ ಕೂತಿದ್ದೆ. ಅವರ ಹೆಜ್ಜೆಗಳನ್ನು ಮಾರನೆಯ ದಿನ ನಾನೇ ಸಲಿಕೆಯಲ್ಲಿ ಕೆರೆದೆ.

ಹನ್ನೊಂದನೇ ತಾರೀಖು ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಒಂದು ಖಾಲಿ ಜಾಗ: ‘ಈ ಸಂದೇಶವನ್ನು ಇಸ್ಕ್ರಾ ಅಳಿಸಿದ್ದಾರೆ.’ ಒಂಬತ್ತು ಇಪ್ಪತ್ತಕ್ಕೆ ಕೊನೆಯದು: ‘ಸರಿ, ನಿನ್ನಿಷ್ಟ. ಇನ್ನು ತೊಂದರೆ ಕೊಡಲ್ಲ.’ ಆಮೇಲೆ ಏನೂ ಇಲ್ಲ.

ಅವಳೂ ಇಷ್ಟು ದಿನ ನನ್ನ ಹಾಗೇ ಕೂತಿದ್ದಳು.

ಏನಾದರೂ ಬರೆಯೋಣ ಎಂದು ಕೈ ಇಟ್ಟೆ. ಏನು ಬರೆದರೂ ಸಾಲದು ಅನ್ನಿಸಿತು. ಮುಚ್ಚಿ, ಹಿಟ್ಟಿನ ಡಬ್ಬಿ ಇಳಿಸಿದೆ.

ಮಾರ್ಚ್ 1, ಶನಿವಾರ

ಗಡ್ಡ ತೆಗೆದೆ. ಇಳಿಯುವಾಗ ಅಜ್ಜಿಯ ಬಾಗಿಲು ತಟ್ಟಿ ಗಂಟೆಗೆ ನನ್ನ ಪಾಲು ಕೊಟ್ಟೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಮಂತ್ರ ಹಾಕಿಸಿದ ಜೇನಿನ ಶೀಶೆ ಜೇಬಿನಲ್ಲಿಟ್ಟು ಇಸ್ಕ್ರಾಳ ಬೀದಿಗೆ ನಡೆದೆ. ಹೆಸರಿನ ಹಬ್ಬಕ್ಕೆ ಬಿಟ್ಟರೆ ಕರೆಯದೆ ಯಾರ ಮನೆಗೂ ಹೋದವನಲ್ಲ ನಾನು. ಅವಳ ಬೀದಿ ಬಾಗಿಲಿನ ಗಂಟೆ ಚೆನ್ನಾಗಿತ್ತು, ಒತ್ತಿದೊಡನೆ ಅದರ ಸ್ಪೀಕರಿನಿಂದ ಅವಳ ದನಿ ಬಂತು.

“ಯಾರು?”

“ನಾನು. ಹೆಸರಿನ ಹಬ್ಬದ ರೊಟ್ಟಿ ತಂದಿದೀನಿ.”

ಎಷ್ಟೋ ಹೊತ್ತು ಏನೂ ಕೇಳಲಿಲ್ಲ. ಹೋಗಿಬಿಡೋಣ ಅನ್ನಿಸಿತು. ಅವರು ನಲವತ್ತು ನಿಮಿಷ ನಿಂತಿದ್ದರಲ್ಲ ಎಂದು ನಿಂತೆ.

“ಹತ್ತೊಂಬತ್ತು ದಿನ ತಡವಾಯ್ತಲ್ಲೋ.”

“ರೊಟ್ಟಿ ಹಳಸಿದ್ರೆ ಜನ ಕಮ್ಮಿ ತಿಂತಾರೆ ಅಂತ ಕಾದೆ.”

ಕೆಳಗಿನ ಬಾಗಿಲು ತೆರೆದುಕೊಂಡಿತು. ನಾಲ್ಕು ಮಹಡಿ ಹತ್ತಿದೆ. ಅವಳು ನನ್ನನ್ನು ಒಳಗೆ ಬಾ ಎಂದೂ ಅನ್ನದೆ, ಹೋಗು ಎಂದೂ ಅನ್ನದೆ ಬಾಗಿಲಲ್ಲಿ ನಿಂತಿದ್ದಳು. ಬೂಟು ಬಿಚ್ಚುವ ಮೊದಲೇ ಎಲ್ಲ ಹೇಳಿದೆ: ಗಡಿಯಾರದ ಗುರುತು, ಹೋಗದೆ ಕೂತ ನಲವತ್ತೇಳು, ಹೊಸ ನಂಬರ್, ಹಿತ್ತಲ ಕಡೆಯ ಮೇಜು, ಕ್ಯಾಶೆ, ಪ್ಲಾಮೆನ್ನನ ಬೆರಳು. ಬೆರಳಿನ ಹತ್ತಿರ ಬಂದಾಗ ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಏಪ್ರನ್ನಿನ ತುದಿ ಕಣ್ಣಿಗೆ ಒತ್ತಿಕೊಂಡಳು. ನಾನು ಬೂಟಿನ ದಾರ ಬಿಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡೆ.

ಕಿಟಕಿಯಲ್ಲಿ ನಮ್ಮ ಕೋಣೆಯ ಗಿಡ ಇತ್ತು. ಮೇಜಿನ ಮೇಲೆ ಕೆಂಪು ಬಿಳಿ ದಾರದ ಗೊಂಡೆಗಳು. ಪ್ರತಿ ಮಾರ್ಚ್ ಒಂದಕ್ಕೆ, ಚಳಿಗಾಲ ಹೋಗಲಿ, ಒಳ್ಳೆಯದಾಗಲಿ ಎಂದು ಕೋಣೆಯವರ ಕೈಗೆಲ್ಲ ಅವಳೇ ಹೊಸೆದು ಕಟ್ಟುವುದು. ಅವಳು ಚಾಕು ತರಲು ಹೋದಾಗ ಎಣಿಸಿದೆ. ಆರು ಇದ್ದವು, ನನ್ನದೂ ಸೇರಿ.

“ನಲವತ್ತೇಳರಲ್ಲಿ ಏನೇನ್ ಬರೆದಿದ್ದೆ?” ರೊಟ್ಟಿ ಕೊಯ್ಯುತ್ತಾ ಕೇಳಿದಳು.

“ಶುಭೋದಯ, ಗಿಡ ಹೇಗಿದೆ, ಅಂಥದ್ದು.”

“ನಲವತ್ತೇಳೂ?”

ಸುಳ್ಳು ಹೇಳಬಹುದಿತ್ತು. ಸಾಕ್ಷಿ ಇರಲಿಲ್ಲ.

“ನಲವತ್ತಾರು,” ಎಂದೆ.

ಚಾಕು ಅಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ತಟ್ಟೆ ನೋಡಿದೆ. ಆಮೇಲೆ ಚಾಕು ಮತ್ತೆ ಓಡಿತು.

“ನಾನೂ ಒಂದನ್ನ ಅಳಿಸಿದ್ದೆ,” ಅಂದಳು. “ನೋಡಿರ್ತೀಯ.”

“ನೋಡಿದೆ.”

“ಹೂಂ. ಕೈ ಕೊಡು.”

ಎಡಗೈ ಚಾಚಿದೆ. ದಾರ ಕಟ್ಟಿ, ಗಂಟು ಬಿಗಿ ಮಾಡಿ, ಜೇನಿನ ಶೀಶೆಯನ್ನು ನನ್ನ ಕಡೆಗೆ ತಳ್ಳಿದಳು.